ಸಂಘ ಬೆಂಗಳೂರಿನಲ್ಲಿ, ಕೆಟ್ಟ ಮಿಕ್ಸರ್ ಗಂಗಾವತಿಯಲ್ಲಿ

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಮಿಕ್ಸರ್ ಮೊದಲ ದಿನವೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ಮರುದಿನವೇ ಆ್ಯಪ್‌ನಲ್ಲಿ ದೂರು ಕೊಟ್ಟೆ. ‘ಪರಿಶೀಲಿಸುತ್ತೇವೆ’ ಎನ್ನುತ್ತಲೇ ದಿನ ತಳ್ಳಿ, ಕೊನೆಗೆ ‘ವಾಪಸು ಪಡೆಯುವ ಅವಧಿ ಮುಗಿದಿದೆ’ ಎಂದರು. ಲಾಭದ ಉದ್ದೇಶವಿಲ್ಲದೆ ಗ್ರಾಹಕರ ಪರವಾಗಿ ಹೋರಾಡುವ ಸಂಘಗಳಿವೆಯಂತೆ. ನಮ್ಮಂಥವರ ಚಿಕ್ಕ ಪ್ರಕರಣವನ್ನು ಅವು ಕೈಗೆತ್ತಿಕೊಳ್ಳುತ್ತವೆಯೇ? ಎಷ್ಟು ಹಣ ಕೊಡಬೇಕು?
– ಗಂಗಾವತಿಯ ಓದುಗರು

ಉತ್ತರ: ಕೈಗೆತ್ತಿಕೊಳ್ಳುವುದುಂಟು. ಆದರೆ ಸಾಲ ವಸೂಲಿಯವರ ಹಾಗೆ ಕಂಪನಿಯ ಬಾಗಿಲು ಬಡಿದು ನಿಮ್ಮ ದುಡ್ಡು ತಂದುಕೊಡುತ್ತಾರೆ ಎಂದುಕೊಂಡರೆ ನಿರಾಸೆಯಾಗುತ್ತದೆ. ಇಂಥ ಸಂಘದವರು ನಿಮ್ಮ ಬಿಲ್ಲು, ಸಂದೇಶಗಳನ್ನು ಓದಿ, ಯಾವ ನಿಯಮ ಮುರಿದಿದೆ ಎಂದು ತಿಳಿಸುತ್ತಾರೆ. ನೋಟಿಸ್ ಬರೆಯಲು ನೆರವಾಗುತ್ತಾರೆ, ಕೆಲವೊಮ್ಮೆ ತಾವೇ ಕಂಪನಿಗೆ ಪತ್ರ ಬರೆಯುತ್ತಾರೆ. ಅವರ ದೊಡ್ಡ ಕೆಲಸ ಬೇರೆಯೇ ಇದೆ: ನಿಮ್ಮಂಥ ನೂರಾರು ಜನರ ದೂರನ್ನು ಒಟ್ಟುಮಾಡಿ ನಿಯಮವನ್ನೇ ಬದಲಿಸಲು ಒತ್ತಾಯಿಸುವುದು.

ಮುಂಬೈಯ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ 1966ರಷ್ಟು ಹಳೆಯದು. ಜೈಪುರದ ಕಟ್ಸ್ ಎಂಬ ಗ್ರಾಹಕ ಸಂಘ 1983ರದ್ದು. ಬೆಂಗಳೂರಿನಲ್ಲಿ ಕ್ರಿಯೇಟ್ ಎಂಬ ಗ್ರಾಹಕ ಹಕ್ಕುಗಳ ಟ್ರಸ್ಟ್ ಇದೆ. ಅಹಮದಾಬಾದಿನಲ್ಲಿ 1978ರಲ್ಲಿ ಹುಟ್ಟಿದ ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ ಒಂದು ವಿಮಾ ಯೋಜನೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತ್ತು. ಸರ್ಕಾರಿ, ಅರೆಸರ್ಕಾರಿ ಮತ್ತು ಹೆಸರಾಂತ ಕಂಪನಿಗಳ ನೌಕರರಿಗೆ ಮಾತ್ರ ಮೀಸಲಾಗಿದ್ದ ಎಲ್‌ಐಸಿಯ ಯೋಜನೆ ಅದು. ಆ ನಿರ್ಬಂಧ ತಾರತಮ್ಯದ್ದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಹಮದಾಬಾದಿನ ಸಂಘ ಗೆದ್ದ ಪ್ರಕರಣದಿಂದ ಕಾರಟಗಿಯ ರೈತನಿಗೂ ಬಾಗಿಲು ತೆರೆಯಿತು. ಅವನಿಗೆ ಆ ಸಂಘದ ಹೆಸರೂ ಗೊತ್ತಿರಲಿಕ್ಕಿಲ್ಲ.

ಇಂಟರ್ನೆಟ್ ಕಾಲದ ಉದಾಹರಣೆ 2015ರದ್ದು. ಕೆಲವು ಆ್ಯಪ್‌ಗಳಿಗೆ ಒಂದು ದರ, ಉಳಿದವಕ್ಕೆ ಇನ್ನೊಂದು ದರ ಹಾಕಬಹುದೇ ಎಂಬ ಪ್ರಶ್ನೆ ಎದ್ದಾಗ, ಸ್ವಯಂಸೇವಕರ ಅಭಿಯಾನದ ಕರೆಗೆ ಓಗೊಟ್ಟು ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಕಳುಹಿಸಿದರು. 2016ರ ಫೆಬ್ರುವರಿಯಲ್ಲಿ ಟ್ರಾಯ್ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಆ ಗುಂಪಿನಿಂದಲೇ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಹುಟ್ಟಿತು. ಅದು ಖಾಸಗಿತನ, ಅಭಿವ್ಯಕ್ತಿಯಂಥ ಡಿಜಿಟಲ್ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆ; ಮಿಕ್ಸರ್ ವಿಚಾರಕ್ಕೆ ಅದರ ಬಳಿ ಹೋಗಬೇಡಿ.

ಇನ್ನು ನಿಮ್ಮ ಮಿಕ್ಸರ್. ನಿಮ್ಮ ಪ್ರಕರಣ ಗಟ್ಟಿಯಾಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ ವಸ್ತುವನ್ನು ವಾಪಸು ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ತಲುಪಿದೆ ಎಂದು ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಆ್ಯಪ್‌ನಲ್ಲಿ ಇರಲೇಬೇಕು. ಬಹಳ ಕೆಳಗೆ, ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ, ಹುಡುಕಿ. ಚಾಟ್‌ನಲ್ಲಿ ‘ಸರ್, ದಯವಿಟ್ಟು ಕಾಯಿರಿ’ ಎನ್ನುವ ಯಂತ್ರಕ್ಕೆ ಹೇಳಿದ್ದನ್ನೇ ಆ ಅಧಿಕಾರಿಗೆ ಇ-ಮೇಲ್‌ನಲ್ಲಿ ಬರೆಯಿರಿ. ಮೊದಲ ದೂರಿನ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಜೊತೆಗಿರಲಿ, ಏಕೆಂದರೆ ಅವಧಿ ಮುಗಿಯುವ ಮೊದಲೇ ನೀವು ಹೇಳಿದ್ದೀರಿ ಎಂಬುದೇ ನಿಮ್ಮ ಬಲ. ಅದೇ ದಿನ 1915ಕ್ಕೂ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡಬಹುದು. ಅನೇಕ ಚಿಕ್ಕ ದೂರುಗಳು ಅಲ್ಲಿಯೇ ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಹಳೆಯ 1986ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಎದುರುದಾರರು ಎಲ್ಲಿದ್ದಾರೆ, ವ್ಯವಹಾರ ಎಲ್ಲಿ ನಡೆಯಿತು ಎಂಬ ಜಗ್ಗಾಟವೇ ಅರ್ಧ ಪ್ರಕರಣವನ್ನು ತಿನ್ನುತ್ತಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ.

ಸಂಘ ನಿಜಕ್ಕೂ ಬೇಕಾಗುವುದು ಇಲ್ಲಿಂದ ಮುಂದೆ. ನೋಂದಾಯಿತ ಸ್ವಯಂಸೇವಾ ಗ್ರಾಹಕ ಸಂಘ ತಾನೇ ದೂರುದಾರನಾಗಬಹುದು ಎಂದು ಕಾಯ್ದೆಯಲ್ಲಿಯೇ ಇದೆ. ವಕೀಲರಲ್ಲದ ಪ್ರತಿನಿಧಿಯೂ ಆಯೋಗದ ಮುಂದೆ ಗ್ರಾಹಕರ ಪರ ನಿಲ್ಲಬಹುದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ಮಾದರಿಯ ಮಿಕ್ಸರ್ ಸಿಂಧನೂರಿನಲ್ಲೂ ಸಿರುಗುಪ್ಪದಲ್ಲೂ ಸುಟ್ಟಿದ್ದರೆ, ಬಿಡಿಬಿಡಿ ದೂರುಗಳಿಗಿಂತ ಸಂಘದ ಒಂದು ದೂರಿಗೆ ತೂಕ ಹೆಚ್ಚು.

ಕಂಪನಿಗಳ ವಕೀಲರು ಮೊದಲು ಎಸೆಯುವ ಅಸ್ತ್ರವೊಂದಿದೆ: ‘ಇದು ವ್ಯಾಪಾರಕ್ಕೆ ಕೊಂಡದ್ದು, ಇವರು ಗ್ರಾಹಕರೇ ಅಲ್ಲ.’ ನಮ್ಮ ಭಾಗದವರಿಗೆ ಇದು ಹೆಚ್ಚು ಮುಖ್ಯ. ಬಳ್ಳಾರಿಯಲ್ಲಿ ಮನೆಯಲ್ಲಿಯೇ ಜೀನ್ಸ್ ಹೊಲಿಯುವವರು ಆನ್‌ಲೈನ್‌ನಲ್ಲಿ ಹೊಲಿಗೆ ಯಂತ್ರ ತರಿಸಿದರೆ, ಅದು ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಆಗಿದ್ದಲ್ಲಿ, ಅವರೂ ಗ್ರಾಹಕರೇ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ತಿಳಿದ ಸಂಘವೊಂದು ಜೊತೆಗಿದ್ದರೆ ಈ ಅಸ್ತ್ರ ಮೊದಲ ದಿನವೇ ಮೊಂಡಾಗುತ್ತದೆ.

ಹಣದ ವಿಚಾರ. ಸದಸ್ಯತ್ವ ಶುಲ್ಕವನ್ನೋ ಅಂಚೆ ಖರ್ಚನ್ನೋ ಕೇಳಿದರೆ ಅನುಮಾನ ಬೇಡ, ರಸೀದಿ ಪಡೆಯಿರಿ. ಬರುವ ಪರಿಹಾರದಲ್ಲಿ ಪಾಲು ಕೇಳಿದರೆ ಅದು ಸೇವೆಯಲ್ಲ, ಅಂಗಡಿ. ಒಟಿಪಿ ಕೇಳಿದರೆ, ಮೊಬೈಲ್ ಪರದೆ ತೋರಿಸುವ ಆ್ಯಪ್ ಹಾಕಿಸಿಕೊಳ್ಳಿ ಎಂದರೆ ಕರೆ ಕತ್ತರಿಸಿ. ‘ಗ್ರಾಹಕ ವೇದಿಕೆ’ ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಸಂಖ್ಯೆ, ಪದಾಧಿಕಾರಿಗಳು ಯಾರು, ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ನಿಜವಾದವರು ಸಿಡುಕುವುದಿಲ್ಲ. ಖಾತೆಯಿಂದಲೇ ಹಣ ಹೋಗಿದ್ದರೆ ಸಂಘವನ್ನು ಹುಡುಕುತ್ತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಎಲ್ಲ ಹೆಸರಾಂತ ಸಂಘಗಳೂ ದೊಡ್ಡ ಊರುಗಳಲ್ಲೇ ಇವೆ ಎಂಬ ಕೊರಗು ನಿಮ್ಮದಾದರೆ, ಅದು ನ್ಯಾಯವೇ. ರೈತ ಸಂಘ, ಹಮಾಲರ ಸಂಘಗಳನ್ನು ಕಟ್ಟಿ ಬಲ್ಲ ಕೊಪ್ಪಳ, ರಾಯಚೂರು, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಇದೊಂದು ಅಸಾಧ್ಯದ ಕೆಲಸವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿದರೆ ಸಾಕು. ಉದ್ದೇಶಗಳ ಪಟ್ಟಿಯಲ್ಲಿ ಗ್ರಾಹಕ ರಕ್ಷಣೆ ಎಂದು ಸ್ಪಷ್ಟವಾಗಿ ಬರೆಯಿಸಿ. ಯಾವುದೋ ಸಂಘವಾದರೆ ನಡೆಯುವುದಿಲ್ಲ: ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಮಾಲೀಕರ ಸಂಘ ದೂರು ಕೊಟ್ಟಾಗ, ಅಪಾರ್ಟ್‌ಮೆಂಟ್ ಕಾಯ್ದೆಯ ಪ್ರಕಾರ ರಚಿಸಲೇಬೇಕಾದ ಸಂಘ ‘ಸ್ವಯಂಸೇವಾ ಗ್ರಾಹಕ ಸಂಘ’ವಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಅದರ ದೂರನ್ನು ಒಪ್ಪಲಿಲ್ಲ.