ಮಂಡಿ ಲಿಗಮೆಂಟ್ ಆಪರೇಷನ್: ಇಪ್ಪತ್ತಕ್ಕೂ ನಲವತ್ತೈದಕ್ಕೂ ಬೇರೆ ಬೇರೆ ಲೆಕ್ಕ

"ಈ ವಯಸ್ಸಿನಲ್ಲಿ ಆಪರೇಷನ್ ಎಲ್ಲಾ ಬೇಕಾ ಮೇಡಂ?" ಹೀಗೆ ಕೇಳುವವರಿಗೆ ಸಾಮಾನ್ಯವಾಗಿ ನಲವತ್ತು ದಾಟಿರುತ್ತದೆ. ಇಪ್ಪತ್ತರ ಹುಡುಗರು ಇದನ್ನು ಕೇಳುವುದೇ ಇಲ್ಲ. ಅವರದು ಒಂದೇ ಮಾತು, "ಯಾವಾಗಿಂದ ಆಡಬಹುದು?"

ಫಿಸಿಯೋಥೆರಪಿಸ್ಟ್ ಆಗಿ ನಾನು ಹೆದರುವುದು ಈ ಎರಡನೆಯವರ ಬಗ್ಗೆ. ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ, ಹರಿದು ಹೊಸದನ್ನು ಹಾಕಿಸಿಕೊಂಡವರಲ್ಲಿ, ಅದು ಮತ್ತೆ ಹರಿಯುವುದು ವಯಸ್ಸಾದವರಲ್ಲಲ್ಲ, ಚಿಕ್ಕವರಲ್ಲೇ ಜಾಸ್ತಿ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆಪರೇಷನ್ ಆದ ಎಲ್ಲರಲ್ಲಿ ಸುಮಾರು ಶೇ. 15 ಮಂದಿಗೆ ಮತ್ತೆ ಎಸಿಎಲ್ ಪೆಟ್ಟಾಗಿತ್ತು. 25 ವರ್ಷದೊಳಗಿನವರಲ್ಲಿ ಶೇ. 21. ಅದೇ ವಯಸ್ಸಿನವರು ಆಟಕ್ಕೆ ಮರಳಿದ್ದರೆ ಶೇ. 23. ಅಂದರೆ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು. ಇದರಲ್ಲಿ ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ಎರಡನೇ ಸಲ ಹರಿದದ್ದು ಆಪರೇಷನ್ ಆದ ಕಾಲಿನಲ್ಲಿ ಎಷ್ಟೋ, ಚೆನ್ನಾಗಿದ್ದ ಇನ್ನೊಂದು ಕಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ.

ಎಳೆ ವಯಸ್ಸಿನಲ್ಲಿ ಗಾಯ ಬೇಗ ಮಾಯುತ್ತದೆ ಅಲ್ವಾ, ಹಾಗಾದರೆ ಹೀಗೇಕೆ? ಮುಖ್ಯ ಕಾರಣ ಸರಳ. ಅವರು ಅದೇ ಆಟಕ್ಕೆ ಮತ್ತೆ ಇಳಿಯುತ್ತಾರೆ. ಕಬಡ್ಡಿಯಲ್ಲಿ ರೈಡರ್ ಗೆರೆ ಮುಟ್ಟಲು ಹೊರಳುತ್ತಾನೆ, ಪಾದ ಎದುರಾಳಿಯ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ, ತಿರುಚುವುದು ಮಂಡಿ. ನಲವತ್ತೈದರವರು ಅಂಥ ಕೆಲಸಕ್ಕೆ ಹೋಗುವುದು ಅಪರೂಪ.

ಇನ್ನೊಂದು ಕಾರಣ ಹೊಸ ಲಿಗಮೆಂಟಿನೊಳಗೇ ಇದೆ. ಸಾಮಾನ್ಯವಾಗಿ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ನಾಟಿ ಮಾಡಿದ ಪೈರಿನ ಹಾಗೆ ಅದು ಮೊದಲು ಸೊರಗಿ, ಆಮೇಲೆ ಬೇರು ಹಿಡಿಯುತ್ತದೆ. ಮೊದಲ ಕೆಲವು ತಿಂಗಳು ಹಾಕಿದ ದಿನಕ್ಕಿಂತಲೂ ಬಲ ಕಡಿಮೆ. ಪೂರ್ತಿ ಮಾಗಲು ವರ್ಷವೇ ಬೇಕು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಆದರೆ ನಾಲ್ಕನೇ ತಿಂಗಳಿಗೆಲ್ಲ ಹುಡುಗನಿಗೆ ನೋವಿಲ್ಲ, ಬಾವಿಲ್ಲ, ಓಡುತ್ತಾನೆ. "ಊರಲ್ಲಿ ಟೂರ್ನಮೆಂಟ್ ಇದೆ ಮೇಡಂ, ಒಂದೇ ಮ್ಯಾಚ್" ಅನ್ನುತ್ತಾನೆ.

ಆಗ ನಾನು ವಾದ ಮಾಡುವುದಿಲ್ಲ. ಟೇಪ್ ತೆಗೆಯುತ್ತೇನೆ. ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆಯ ಸುತ್ತಳತೆ ನೋಡುತ್ತೇನೆ. ಆಪರೇಷನ್ ಆದ ತೊಡೆ ಸಣಕಲಾಗಿರುವುದು ಅವನಿಗೇ ಕಾಣುತ್ತದೆ. ಆಮೇಲೆ ಒಂಟಿ ಕಾಲಲ್ಲಿ ಮುಂದಕ್ಕೆ ಹಾರಿಸುತ್ತೇನೆ, ಅದೂ ಕಾಲು ತಡೆಯುತ್ತದೆ ಅನ್ನಿಸಿದರೆ ಮಾತ್ರ. ಒಳ್ಳೆಯ ಕಾಲು ಹಾರಿದ ದೂರದಲ್ಲಿ ಶೇ. 90ರಷ್ಟಾದರೂ ಈ ಕಾಲೂ ಹಾರಬೇಕು. ದೂರ ಸಿಕ್ಕರೂ ನೆಲ ಮುಟ್ಟುವಾಗ ಮಂಡಿ ಒಳಕ್ಕೆ ವಾಲಿದರೆ ಪಾಸಿಲ್ಲ. ಓಸ್ಲೋದಲ್ಲಿ ಚಿಕಿತ್ಸೆ ಪಡೆದವರನ್ನು ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಹಾಗಾಗಿ 9 ತಿಂಗಳ ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಸರ್ಜನ್‌ಗಳ ಕೈಯಲ್ಲೂ ಒಂದು ದಾರಿ ಇದೆ. ಅಪಾಯ ಜಾಸ್ತಿ ಇರುವ 14ರಿಂದ 25 ವರ್ಷದವರಿಗೆ ಮಂಡಿಯ ಹೊರಬದಿಯಲ್ಲಿ ಇನ್ನೊಂದು ಪಟ್ಟಿ ಸೇರಿಸಿ ಬಿಗಿ ಮಾಡಿದಾಗ, ಎರಡು ವರ್ಷದಲ್ಲಿ ಹೊಸ ಲಿಗಮೆಂಟ್ ಹರಿದವರು ಶೇ. 11ರಿಂದ 4ಕ್ಕೆ ಇಳಿದರು. ಎಲ್ಲರಿಗೂ ಬೇಕಿಲ್ಲ, ಆದರೆ ಆಡುವ ಮಕ್ಕಳ ತಂದೆತಾಯಿ ಕೇಳಿ ನೋಡಬಹುದು.

ಇನ್ನು ನಲವತ್ತು ದಾಟಿದವರು. ಇವರಲ್ಲಿ ಹೊಸ ಲಿಗಮೆಂಟ್ ಚೆನ್ನಾಗಿಯೇ ನಿಲ್ಲುತ್ತದೆ. ಐವತ್ತು ದಾಟಿದವರಲ್ಲೂ ಒಳ್ಳೆಯ ಫಲಿತಾಂಶ ಕಂಡಿದೆ. ವಯಸ್ಸು ಒಂದೇ ಕಾರಣಕ್ಕೆ "ಬೇಡ" ಅನ್ನುವ ಕಾಲ ಹೋಯಿತು. ಇವರ ತೊಂದರೆ ಬೇರೆ. ಮಂಡಿಯೊಳಗಿನ ಮೃದ್ವಸ್ಥಿ, ಅಂದರೆ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಪದರ, ಆಗಲೇ ಸ್ವಲ್ಪ ಸವೆದಿರುತ್ತದೆ. ಲಿಗಮೆಂಟ್ ಕೂರಿಸಿದರೆ ಮಂಡಿ ಜಾರುವುದು ನಿಲ್ಲುತ್ತದೆ, ಆದರೆ ಸವೆದುಹೋದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಆಪರೇಷನ್ ಆದರೂ ಮೆಟ್ಟಿಲಲ್ಲಿ ನೋವು ಉಳಿಯಬಹುದು ಎಂದು ಮೊದಲೇ ಹೇಳಿಬಿಡಬೇಕು.

ಇವರಲ್ಲಿ ಎಲ್ಲರಿಗೂ ಆಪರೇಷನ್ ಬೇಕಾಗುವುದೂ ಇಲ್ಲ. ಸ್ಕೂಟರ್‌ನಿಂದ ಬಿದ್ದು ಎಸಿಎಲ್ ಹರಿದುಕೊಂಡು ಬಂದ ಒಬ್ಬ ಟೀಚರ್‌ಗೆ ಮೂರು ತಿಂಗಳು ವ್ಯಾಯಾಮ ಮಾಡಿಸಿದೆವು. ಮಂಡಿ ಜಾರುವುದು ನಿಂತಿತು, ಆಪರೇಷನ್ ಬೇಕಾಗಲಿಲ್ಲ. ಅವರದೇ ವಯಸ್ಸಿನ ಶಟಲ್ ಆಡುವ ಇನ್ನೊಬ್ಬರಿಗೆ ಬಸ್ ಇಳಿಯುವಾಗಲೂ ಮಂಡಿ ಕೈಕೊಡುತ್ತಿತ್ತು, ಅವರಿಗೆ ಮಾಡಿಸಲೇಬೇಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ 18ರಿಂದ 65 ವರ್ಷದವರ ಮೇಲೆ ನಡೆದ ಪ್ರಯೋಗದಲ್ಲೂ ಮೊದಲು ವ್ಯಾಯಾಮ ಮಾಡಿ ನೋಡಿದವರಲ್ಲಿ ಅರ್ಧದಷ್ಟು ಜನ ಎರಡು ವರ್ಷದಲ್ಲಿ ಆಪರೇಷನ್ ಇಲ್ಲದೆಯೇ ಸುಧಾರಿಸಿಕೊಂಡರು.

ಹದಿನಾಲ್ಕರೊಳಗಿನ ಮಕ್ಕಳ ವಿಷಯಕ್ಕೆ ಬಂದರೆ, "ಬೆಳವಣಿಗೆ ಮುಗಿಯಲಿ" ಎಂದು ಸುಮ್ನೆ ವರ್ಷಗಟ್ಟಲೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಮೂಳೆ ಬೆಳೆಯುವ ಜಾಗ ತಪ್ಪಿಸಿ ಮಾಡುವ ವಿಧಾನಗಳಿವೆ. ಜಾರುವ ಮಂಡಿಯಲ್ಲೇ ಓಡಾಡುತ್ತಿದ್ದರೆ ಮೆನಿಸ್ಕಸ್, ಅಂದರೆ ಎರಡು ಮೂಳೆಗಳ ನಡುವೆ ಭಾರ ಹೊರುವ ಮೆತ್ತನೆಯ ಪದರ, ಹರಿಯುತ್ತಾ ಹೋಗುತ್ತದೆ.

ಇಪ್ಪತ್ತು ವರ್ಷದ ನಂತರ ಮಂಡಿ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುವುದೂ ಈ ಮೆನಿಸ್ಕಸ್ ಮೇಲೆಯೇ. ಹದಿನೆಂಟಕ್ಕೆ ಅದನ್ನು ಕಳೆದುಕೊಂಡವನಿಗೆ ಆಗ ಮೂವತ್ತೆಂಟು. ಅಷ್ಟು ಬೇಗ ಸವೆದರೆ ಮಂಡಿ ಬದಲಿಸಲು ಸರ್ಜನ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಮೆನಿಸ್ಕಸ್ ಹೊಲಿದಿದ್ದಾರಾ, ಕತ್ತರಿಸಿ ತೆಗೆದಿದ್ದಾರಾ ಎಂದು ನೋಡಿ. ಹೊಲಿದಿದ್ದರೆ ಮೊದಲ ವಾರಗಳಲ್ಲಿ ಕಾಲಿನ ಮೇಲೆ ಭಾರ ಹಾಕುವುದಕ್ಕೂ ಮಂಡಿ ಪೂರ್ತಿ ಮಡಿಸುವುದಕ್ಕೂ ತಡೆ ಇರಬಹುದು. ಮೊದಲ ದಿನವೇ ಆ ಕಾಗದವನ್ನು ನಿಮ್ಮ ಫಿಸಿಯೋಗೆ ತೋರಿಸಿ.