ಕೃತ್ತಿಕೆ ಮಳೆಗೆ ಅರಳುವ ಕೆಂಪು ಚೆಂಡು

ಭರಣಿಯೋ ಕೃತ್ತಿಕೆಯೋ, ಒಂದೆರಡು ಗುಡುಗುಮಳೆ ಬಿದ್ದು ನೆಲ ತಣಿದರೆ ಸಾಕು, ಶಿರಸಿ ಕಡೆಯ ಮನೆಯಂಗಳಗಳಲ್ಲಿ ಬರಿ ಮಣ್ಣನ್ನು ಸೀಳಿಕೊಂಡು ದಪ್ಪ ದಂಟೊಂದು ಮೇಲೇಳುತ್ತದೆ. ಬುಡದಲ್ಲಿ ಕೆನ್ನೇರಳೆ ಚುಕ್ಕಿ, ತುದಿಯಲ್ಲಿ ಹೆಚ್ಚುಕಡಿಮೆ ಗೇಣಗಲದ ಕೆಂಪು ಚೆಂಡು. ಜನ ಇದನ್ನು ಮೇ ಫ್ಲವರ್ ಎನ್ನುತ್ತಾರೆ, ಫುಟ್‌ಬಾಲ್ ಲಿಲ್ಲಿ ಎನ್ನುವವರೂ ಇದ್ದಾರೆ. ಗುಲ್‌ಮೊಹರ್ ಮರಕ್ಕೂ ಮೇ ಫ್ಲವರ್ ಎಂಬ ಹೆಸರಿರುವುದರಿಂದ ಶಾಸ್ತ್ರೀಯ ಹೆಸರು ತಿಳಿದಿರುವುದು ಒಳ್ಳೆಯದು: ಸ್ಕ್ಯಾಡಾಕ್ಸಸ್ ಮಲ್ಟಿಫ್ಲೋರಸ್. ತವರು ಆಫ್ರಿಕ. ಹೂವೊಂದೇ ಎನಿಸಿದರೂ ಅದು 200ರವರೆಗೆ ಪುಟ್ಟ ಹೂಗಳಿರುವ ಗೊಂಚಲು.

ಟ್ಯೂಲಿಪ್ ಗಡ್ಡೆ ತರಿಸಿ ನೆಟ್ಟು ನಿರಾಶರಾದವರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಚೆನ್ನಾಗಿ ಅರಳಬೇಕಾದರೆ 10 ಡಿಗ್ರಿಗಿಂತ ಕೆಳಗಿನ ಚಳಿ 12ರಿಂದ 16 ವಾರ ಬೇಕು. ಶಿರಸಿಯ ಮಾಗಿ ಎಷ್ಟೇ ನಡುಗಿಸಿದರೂ ಅಷ್ಟು ದಿನ ಅಷ್ಟು ತಣ್ಣಗಿರದು. ಕಾರವಾರದ ಮಾತಂತೂ ಬೇಡ. ಮೇ ಫ್ಲವರಿಗೆ ಬೇಕಾದದ್ದು ಚಳಿಯಲ್ಲ, ಒಣ ನಿದ್ದೆ. ಬೇಸಗೆಯ ಒಣಗು, ಆಮೇಲೆ ಮಳೆ: ಈ ಕ್ರಮ ಅದರ ತವರಿನಲ್ಲೂ ಇದೆ, ನಮ್ಮಲ್ಲೂ ಇದೆ.

ಹೂ ಬಾಡಿದ ಮೇಲಿನ ತಿಂಗಳುಗಳಲ್ಲೇ ಹೆಚ್ಚಿನವರು ತಪ್ಪುವುದು. ಮಳೆಗಾಲವಿಡೀ ಅಗಲ ಎಲೆಗಳು ತಯಾರಿಸುವ ಆಹಾರ ಗಡ್ಡೆಗಿಳಿಯುತ್ತದೆ. ಮುಂದಿನ ವರ್ಷದ ಗೊಂಚಲಿನ ಮೊಳಕೆಯೂ ಆಗಲೇ ಅದರೊಳಗೆ ರೂಪುಗೊಳ್ಳುತ್ತದೆ. ಹೂ ಮುಗಿಯಿತೆಂದು ಎಲೆ ಕೊಯ್ದರೆ ಬರುವ ಮೇ ತಿಂಗಳಲ್ಲಿ ಬರೀ ಎಲೆಯೇ ಗತಿ. ಎಲೆ ತಾನಾಗಿ ಹಳದಿಯಾಗಿ ಬೀಳಲಿ. ಆ ಮೇಲೆ ನೀರು ನಿಲ್ಲಿಸಿ. ಅಡಿಕೆ ತೋಟದೊಳಗೆ ನೆಟ್ಟ ಗಡ್ಡೆ ಎಷ್ಟೋ ಸಲ ಕೆಡುವುದು ಇದರಿಂದಲೇ: ನೆರಳು ಹಿತವಾಗಿರುತ್ತದೆ, ಆದರೆ ಮರಕ್ಕೆ ಬಿಡುವ ಬೇಸಗೆಯ ನೀರು ಮಲಗಿದ ಗಡ್ಡೆಗೂ ತಾಗುತ್ತದೆ. ತೋಟದ ಅಂಚಿನ ದರೆ, ಮಾವು ಹಲಸಿನ ಬುಡದ ಚದುರಿದ ನೆರಳು ವಾಸಿ. ಬೆಳಗಿನ ಎಳೆಬಿಸಿಲು ಬಿದ್ದರೆ ಇನ್ನೂ ಒಳ್ಳೆಯದು.

ನೆಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕಿರಲಿ, ಗಡ್ಡೆಯಿಂದ ಗಡ್ಡೆಗೆ 15ರಿಂದ 20 ಸೆಂ.ಮೀ. ಅಂತರ ಸಾಕು. ಜಿಗುಟು ಮಣ್ಣಾದರೆ ಆಷಾಢದ ಜಡಿಮಳೆಗೆ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಅಂಥಲ್ಲಿ ಅರ್ಧ ಅಡಿ ಏರಿ ಮಾಡಿ, ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಬೇಡವೇ ಬೇಡ. ಕರಾವಳಿಯ ಮರಳು ನೆಲದಲ್ಲಿ ಕೊಳೆಯುವ ಭಯ ಕಡಿಮೆ, ಗೊಬ್ಬರ ಮಾತ್ರ ತುಸು ಹೆಚ್ಚು ಬೇಕು.

ಬೇರಿಗೆ ಅಲುಗಾಟ ಆಗದು. ವರ್ಷವೂ ಕಿತ್ತು ನೆಟ್ಟರೆ ಗಿಡ ಮುನಿಸಿಕೊಂಡು ಹೂ ಬಿಡದು. ಮರಿಗಡ್ಡೆಗಳು ಒತ್ತೊತ್ತಾಗಿ, ಹೂ ಸಣ್ಣದಾಗತೊಡಗಿದಾಗಷ್ಟೇ ಬೇಸಗೆಯಲ್ಲಿ ಬಿಡಿಸಿ. ಬಿಡಿಸಿದ ಕೈ ತೊಳೆಯಲೇಬೇಕು: ಇಡೀ ಗಿಡ, ಅದರಲ್ಲೂ ಗಡ್ಡೆ, ವಿಷ. ಆಫ್ರಿಕದ ಕೆಲವೆಡೆ ಬಾಣದ ತುದಿಗೆ ಹಚ್ಚುವ ವಿಷದಲ್ಲಿ ಇದನ್ನು ಬಳಸುತ್ತಿದ್ದರು. ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಕಿತ್ತಿಟ್ಟ ಗಡ್ಡೆಗಳನ್ನು ಅಡುಗೆಮನೆಯ ಹತ್ತಿರ ಇಡಬೇಡಿ, ಕೊಟ್ಟಿಗೆಯ ದನಕರುಗಳಿಗೂ ಎಟುಕದಿರಲಿ.