ಉಬ್ಬನ್ನು ಮುಚ್ಚುವುದು ಲೋಹವಲ್ಲ, ರಕ್ತ

ಮೆದುಳಿನ ಅನ್ಯೂರಿಸಂಗೆ (ರಕ್ತನಾಳದ ತೆಳು ಗೋಡೆ ಉಬ್ಬಿ ಒಡೆಯಬಹುದಾದ ಜಾಗ) ಕಾಯಿಲ್ ಅಂದರೆ ಪ್ಲಾಟಿನಂ ತಂತಿಯ ಸುರುಳಿ ಹಾಕ್ತಾರೆ ಅಂದರೆ ಹೆಚ್ಚಿನವರು ಅಂದುಕೊಳ್ಳುವುದು ಒಂದೇ. ರಕ್ತನಾಳ ಉಬ್ಬಿದ ಕಡೆ ತಂತಿ ತುರುಕಿ ಭರ್ತಿ ಮಾಡುತ್ತಾರೆ, ರಕ್ತ ನುಗ್ಗಲು ಜಾಗವೇ ಉಳಿಯುವುದಿಲ್ಲ ಅಂತ. ಹಾಗೇನೂ ಇಲ್ಲ. ಚೆನ್ನಾಗಿ ತುಂಬಿದ ಉಬ್ಬಿನಲ್ಲೂ ಪ್ಲಾಟಿನಂ ಇರುವುದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಪಾಲು ರಕ್ತವೇ. ಉಬ್ಬನ್ನು ಮುಚ್ಚುವುದೂ ಅದೇ.

ರಭಸವಾಗಿ ಹರಿಯುವ ಹೊಳೆಯ ಪಕ್ಕದಲ್ಲಿ ಒಂದು ಮಡು ಇದೆ ಅನ್ನಿ. ಹೊಳೆಯ ನೀರು ಅದರೊಳಗೆ ನುಗ್ಗಿ ಸುತ್ತಿ ಹೊರಬರುವವರೆಗೂ ಅಲ್ಲಿ ಏನೂ ತಂಗುವುದಿಲ್ಲ. ಮಡುವಿಗೆ ಒಂದಷ್ಟು ಮುಳ್ಳುಕಂಟಿ ಹಾಕಿ ನೋಡಿ. ಸುಳಿ ಸತ್ತುಹೋಗುತ್ತದೆ, ನೀರು ನಿಲ್ಲುತ್ತದೆ, ಹೂಳು ಕೂರಲು ಶುರುವಾಗುತ್ತದೆ. ಕಾಯಿಲ್ ಮಾಡುವುದು ಮುಳ್ಳುಕಂಟಿಯ ಕೆಲಸ, ಅಷ್ಟೇ. ವೇಗ ಕಳೆದುಕೊಂಡ ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಮೆದುಳಿನ ಬೇರೆ ಕಡೆ ಆದರೆ ಲಕ್ವ ತರಬಲ್ಲ ಹೆಪ್ಪು, ಉಬ್ಬಿನೊಳಗೆ ಆದರೆ ಔಷಧ. ನನಗೆ ಇಡೀ ವೈದ್ಯಶಾಸ್ತ್ರದಲ್ಲೇ ಇಷ್ಟು ಇಷ್ಟವಾದ ಉಪಾಯ ಇನ್ನೊಂದಿಲ್ಲ.

ಇಲ್ಲಿಗೆ ಬರಲು ಬಹಳ ಕಾಲ ಹಿಡಿಯಿತು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಮೆದುಳಿನ ರಕ್ತನಾಳಗಳನ್ನು ಮೊದಲ ಸಲ ಎಕ್ಸ್-ರೇಯಲ್ಲಿ ತೋರಿಸಿದರು. ತಮಾಷೆ ನೋಡಿ, 1949ರಲ್ಲಿ ಅವರಿಗೆ ನೊಬೆಲ್ ಬಂದದ್ದು ಇದಕ್ಕಲ್ಲ. ಮಾನಸಿಕ ರೋಗಿಗಳ ಮೆದುಳಿನ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ! ಅದನ್ನು ಇಂದು ಎಲ್ಲರೂ ಕೈಬಿಟ್ಟಿದ್ದಾರೆ. ರಕ್ತನಾಳ ತೋರಿಸುವ ಆ ಎಕ್ಸ್-ರೇ, ಅಂದರೆ ಆಂಜಿಯೋಗ್ರಾಮ್, ಮಾತ್ರ ದಿನನಿತ್ಯ ನಡೆಯುತ್ತಿದೆ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಉಬ್ಬು ನಾಳಕ್ಕೆ ಸೇರುವ ಕುತ್ತಿಗೆಯಂಥ ಜಾಗಕ್ಕೆ ಬೆಳ್ಳಿಯ ಕ್ಲಿಪ್ ಹಾಕಿದರು. ಮುಂದೆ ದಶಕಗಟ್ಟಲೆ ಅದೇ ಮುಖ್ಯ ದಾರಿ. ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ ರಕ್ತನಾಳದ ಒಳಗಿಂದಲೇ ಪುಟ್ಟ ಬಲೂನು ಕಳಿಸಿ, ಬೇಕಾದಲ್ಲಿ ಬಿಟ್ಟುಬರುವ ವಿಧಾನವನ್ನು ರೂಪಿಸಿ 1974ರಲ್ಲಿ ವಿವರವಾಗಿ ಪ್ರಕಟಿಸಿದರು. ಆದರೆ ಬಲೂನಿಗೆ ತನ್ನದೇ ಆಕಾರ. ಉಬ್ಬು ಅದಕ್ಕೆ ಹೊಂದಿಕೊಳ್ಳಬೇಕು, ಮತ್ತು ತೆಳು ಗೋಡೆಗೆ ಅದು ಸಹಿಸಲಾಗದ ಒತ್ತಡ.

ಇಟಲಿಯ ಗ್ವೀಡೊ ಗುಲಿಯೆಲ್ಮಿ ಹಿಡಿದ ದಾರಿ ಬೇರೆ. ವಿದ್ಯುತ್ ಹರಿಸಿಯೇ ರಕ್ತವನ್ನು ಹೆಪ್ಪುಗಟ್ಟಿಸಬಹುದೇ ಅಂತ ಅವರು ಪ್ರಯೋಗ ಮಾಡುತ್ತಿದ್ದರು. ಕರೆಂಟು ಹರಿದಾಗ ಉಕ್ಕಿನ ತಂತಿಯ ತುದಿ ಸವೆದು ಕಳಚಿಬಿತ್ತು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಅಂತ ಬೈದುಕೊಳ್ಳುತ್ತಿದ್ದರೇನೋ. ಇವರಿಗೆ ಅದೇ ಬೇಕಾಗಿದ್ದ ಕೀಲಿಯಾಯಿತು. ಉಕ್ಕಿನ ತಂತಿಯ ತುದಿಗೆ ಮೆತ್ತನೆಯ ಪ್ಲಾಟಿನಂ ಸುರುಳಿ ಜೋಡಿಸಿ, ಉಬ್ಬಿನೊಳಗೆ ಸುತ್ತಿ ಕೂರಿಸಿ, ಸುಮಾರು ಒಂದು ಮಿಲಿಆಂಪಿಯರ್ ಕರೆಂಟು ಬಿಟ್ಟರಾಯಿತು. ಜೋಡಣೆಯ ಬಳಿ ಲೇಪನವಿಲ್ಲದ ಚೂರು ಉಕ್ಕು ರಕ್ತದಲ್ಲಿ ಕರಗುತ್ತದೆ. ಪ್ಲಾಟಿನಂ ಕರಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಎಳೆಯುವುದೂ ಇಲ್ಲ, ತಿರುಚುವುದೂ ಇಲ್ಲ. ಸುರುಳಿ ಸರಿಯಾಗಿ ಕೂರಲಿಲ್ಲವೇ? ಕರೆಂಟು ಬಿಡುವ ಮುಂಚೆ ವಾಪಸ್ ಎಳೆದುಕೊಂಡು ಮತ್ತೆ ಕೂರಿಸಬಹುದು. 1990ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲ ರೋಗಿಗೆ ಇದನ್ನು ಬಳಸಿದರು.

ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಕ್ಯಾತಿಟರ್ ಅನ್ನುವ ತೆಳು ಕೊಳವೆಯನ್ನು ಮೇಲೇರಿಸುತ್ತಾರೆ, ಅದರೊಳಗಿಂದ ಒಂದು ಮಿಲಿಮೀಟರಿಗಿಂತ ಸಣ್ಣದಾದ ಇನ್ನೊಂದು ಕ್ಯಾತಿಟರ್ ಉಬ್ಬಿನವರೆಗೆ ಹೋಗುತ್ತದೆ. ರಕ್ತನಾಳದ ಒಳಗೆ ಅದು ಸಾಗುವುದು ರೋಗಿಗೆ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುವುದು ತಲೆ ಒಂಚೂರೂ ಅಲುಗದಿರಲಿ ಅಂತ.

'ತಲೆ ತೆರೆಯಲ್ಲ, ಹಾಗಾಗಿ ಅಪಾಯ ಇಲ್ಲ' ಅನ್ನುವ ಮಾತು ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ತಂತಿ ಗೋಡೆಯನ್ನು ಚುಚ್ಚಬಹುದು. ಹೆಪ್ಪಿನ ತುಣುಕು ಮುಂದೆ ಹೋಗಿ ಲಕ್ವ ಹೊಡೆಸಬಹುದು. ಕಾಯಿಲ್‌ಗಳು ಕಾಲಕ್ರಮೇಣ ಒತ್ತಿಕೊಂಡು ಉಬ್ಬಿನ ಬಾಯಿ ಮತ್ತೆ ತೆರೆಯಬಹುದು, ಅದಕ್ಕೇ ವರ್ಷಗಳವರೆಗೆ ಸ್ಕ್ಯಾನ್. ಹಾಗಿದ್ದೂ 2002ರಲ್ಲಿ ಬಂದ, ಕ್ಲಿಪ್ಪನ್ನೂ ಕಾಯಿಲನ್ನೂ ಹೋಲಿಸಿದ ದೊಡ್ಡ ಪರೀಕ್ಷೆ ಲೆಕ್ಕವನ್ನೇ ಬದಲಿಸಿತು. ಉಬ್ಬು ಒಡೆದಿದ್ದ 2,143 ಮಂದಿ, ಎರಡೂ ಚಿಕಿತ್ಸೆಗೆ ಒಗ್ಗುವವರು. ವರ್ಷದ ನಂತರ ಸತ್ತವರು ಇಲ್ಲವೇ ಪರಾವಲಂಬಿಯಾದವರು ಕ್ಲಿಪ್ ಗುಂಪಿನಲ್ಲಿ ಶೇಕಡ 30.6, ಕಾಯಿಲ್ ಗುಂಪಿನಲ್ಲಿ 23.7. ಎಲ್ಲ ಉಬ್ಬಿಗೂ ಕಾಯಿಲ್ಲೇ ಸರಿ ಅಂತ ಇದರರ್ಥ ಅಲ್ಲ. ಒಡೆಯದ ಸಣ್ಣ ಉಬ್ಬುಗಳನ್ನು ಎಷ್ಟೋ ಸಲ ಮುಟ್ಟದೆ ಸುಮ್ನೆ ಗಮನಿಸುತ್ತಿರುವುದೇ ಮೇಲು.

ಬಾಯಿ ಅಗಲವಾದ ಉಬ್ಬಿನಲ್ಲಿ ಕಾಯಿಲ್ ನಿಲ್ಲುವುದು ಕಷ್ಟ. ಅಲ್ಲಿಗೆ ಫ್ಲೋ ಡೈವರ್ಟರ್ ಬಂತು. ಇದನ್ನು ಉಬ್ಬಿನೊಳಗೆ ಹಾಕುವುದೇ ಇಲ್ಲ. ಒತ್ತೊತ್ತಾಗಿ ಹೆಣೆದ ಲೋಹದ ಜಾಲರಿ ಕೊಳವೆಯನ್ನು ಮೂಲ ನಾಳದಲ್ಲಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಕೂರಿಸುತ್ತಾರೆ. ಜಾಲರಿಯ ಕಣ್ಣುಗಳಿಂದ ರಕ್ತ ಇನ್ನೂ ನುಸುಳುತ್ತದೆ, ರಭಸ ಮಾತ್ರ ಇರುವುದಿಲ್ಲ. ಉಬ್ಬಿನೊಳಗಿನ ರಕ್ತ ನಿಂತು ಹೆಪ್ಪಾಗುತ್ತದೆ, ಜಾಲರಿಯ ಮೇಲೆ ನಾಳದ ಒಳಪದರ ನಿಧಾನವಾಗಿ ಬೆಳೆಯುತ್ತದೆ. ಅದೇ ಜಾಲರಿ ಪಕ್ಕದ ಕವಲಿನ ಬಾಯಿಯನ್ನೂ ದಾಟಿದ್ದರೆ? ಕವಲು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅದರಾಚೆ ರಕ್ತ ಬೇಡುವ ಮೆದುಳಿದೆ, ಒತ್ತಡ ಅತ್ತ ಕಡಿಮೆ, ಹಾಗಾಗಿ ಹರಿವು ನಿಲ್ಲುವುದಿಲ್ಲ. ಉಬ್ಬಿಗೆ ಆಚೆ ದಾರಿ ಇಲ್ಲ.

ಇದಕ್ಕೆ ತಿಂಗಳುಗಳೇ ಬೇಕು. ಅಷ್ಟೂ ದಿನ ಜಾಲರಿಯ ಮೇಲೆ ಹೆಪ್ಪು ಕೂರದಂತೆ ಆಸ್ಪಿರಿನ್ ಜೊತೆ ಸಾಮಾನ್ಯವಾಗಿ ಇನ್ನೊಂದು ಮಾತ್ರೆಯನ್ನೂ ನುಂಗಬೇಕು. ಆಗಷ್ಟೇ ಒಡೆದು ರಕ್ತ ಸೋರಿರುವ ತಲೆಗೆ ಆ ಮಾತ್ರೆಗಳು ಜಾಸ್ತಿ ಅಪಾಯ. ಅಂಥ ಕಡೆ ವೈದ್ಯರು ಸಾಧ್ಯವಾದಷ್ಟೂ ಕಾಯಿಲ್‌ಗೇ ಮೊರೆ ಹೋಗುತ್ತಾರೆ.